ಕೆಂಬೇರು ಕಾಣುವ ಕತ್ತಲೆ

ಕರಿಗುಡ್ಡ, ಏಪ್ರಿಲ್ ೩೧, ೨೩೯೧

ಹಿಂದಿನವರೇ,

ತಾರೀಖು ತಪ್ಪಲ್ಲ; ನಮ್ಮ ಏಪ್ರಿಲ್‌ಗೆ ಮೂವತ್ತೊಂದು ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಮನ್ನಿಸಿ. ನಾನು ಶಾಲೆಯಲ್ಲಿ ಕಲಿತದ್ದು ಕಡಿಮೆ, ಕರಪತ್ರಗಳಲ್ಲಿ ಓದಿದ್ದೇ ಹೆಚ್ಚು.

ನಮ್ಮೂರಿನಲ್ಲಿ ದೀಪಮೌನ ಎಂಬ ಪದ್ಧತಿಯಿದೆ. ಪೂರ್ವದ ದೂರದ ಬಯಲಿನಲ್ಲಿ ಗುಡುಗು ಎದ್ದ ಸಂಜೆ ಇಲ್ಲಿ ಎಲ್ಲರೂ ದೀಪ ಆರಿಸುತ್ತಾರೆ. ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿ, ಆ ಮೋಡದ ನೆತ್ತಿಯ ಮೇಲೆ ಕಣ್ಣಿಡುತ್ತೇವೆ. ಭಾರಿ ಸಿಡಿಲೊಂದು ಮೋಡದ ವಿದ್ಯುತ್ತನ್ನು ನೆಲಕ್ಕೆ ಸುರಿದಾಗ ಮೇಲಿನ ಆಕಾಶದ ಸಮತೋಲ ಕೆಡುತ್ತದೆ. ಉಸಿರಾಡಲೂ ಸಾಲದಷ್ಟು ತೆಳುವಾದ ಅಲ್ಲಿನ ಗಾಳಿ, ರೆಪ್ಪೆ ಬಡಿಯುವುದರೊಳಗೆ ಕೆಂಪಗೆ ಬೆಳಗಿ ಆರುತ್ತದೆ. ಇಳಿಬಿದ್ದ ಬೇರುಗಳಂತೆ ಕಾಣುವುದರಿಂದ ಅದನ್ನು ಕೆಂಬೇರು ಎನ್ನುತ್ತೇವೆ. ಮೋಡದ ಅಡಿಯಲ್ಲಿರುವವರಿಗೆ ಅದು ಎಂದೂ ಕಾಣದು.

ಮಳೆ ತೆಳುವಾದಾಗ ಬಯಲಿನವರು ಎಲ್ಲ ಮುಗಿಯಿತೆಂದು ಕುರಿ ಬಿಡಲು ಹೊರಬರುತ್ತಾರೆ. ಆ ಭಾರಿ ಸಿಡಿಲು ಬೀಳುವುದು ಹೆಚ್ಚಾಗಿ ಆಗಲೇ, ಮೋಡದ ಹಿಂಬದಿಯಿಂದ. ಒಂದು ಕೆಂಬೇರು ಕಂಡಿತೆಂದರೆ ಅಂಥ ಸಿಡಿಲು ಇನ್ನೂ ಬೀಳಬಹುದು; ಹಾಗಾಗಿ ಕಂಡೊಡನೆ ಇಲ್ಲಿಂದ ರೇಡಿಯೊದಲ್ಲಿ ಎಚ್ಚರಿಸುತ್ತೇವೆ: ಒಳಗೇ ಇರಿ. ನನ್ನ ಅಕ್ಕ ಹೊನ್ನವ್ವ ಆ ಬಯಲಿನಲ್ಲೇ ಕುರಿ ಸಾಕಿಕೊಂಡಿದ್ದಾಳೆ.

ಈಗ ಊರಸಭೆ ಗುಡ್ಡದ ತುಂಬ ಆರದ ಸಾಲುದೀಪ ಹಾಕಲು ಹೊರಟಿದೆ; ಆ ಬೆಳಕಿನಲ್ಲಿ ಕೆಂಬೇರು ಕಾಣದು. ನಾಳೆ ಕೈ ಎತ್ತಿ ತೀರ್ಮಾನಿಸುತ್ತಾರೆ. ನಾನು ಕರಪತ್ರ ಬರೆದು ಮನೆಮನೆಗೆ ಹಂಚಿದ್ದೇನೆ. ನಿನ್ನೆ ಸಭೆಯ ಹಿರಿಯರಾದ ಮುದುಕಪ್ಪಜ್ಜ ಎಲ್ಲರೆದುರು ಅದನ್ನು ಓದಿ ಮಡಚಿಟ್ಟು ಕೇಳಿದರು: "ಯಾರದೋ ಊರಿನ ಮಳಿಗೆ ನಾವ್ಯಾಕ ಕತ್ತಲದಾಗ ರೊಟ್ಟಿ ತಿನ್ನಬೇಕವ್ವಾ? ತುತ್ತು ಮೂಗಿನಾಗ ಹೋದೀತು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಹೇಳಿದೆ: "ಯಜ್ಜಾ, ನಿನ್ನ ನೆತ್ತಿ ನಿನಗ ಕಾಣ್ತದೇನು? ನಮ್ಮ ಮ್ಯಾಲೆ ಮೋಡ ಕವಿದಾಗ ಯಾವುದೋ ಊರಿನವರು ನಮ್ಮ ಸಲುವಾಗಿ ಕತ್ತಲದಾಗ ಕುಂತಿರ್ತಾರ." ಅಜ್ಜ ಮಡಚಿಟ್ಟ ಕರಪತ್ರವನ್ನು ಮತ್ತೆ ಬಿಚ್ಚಿದರು.

ಇಷ್ಟು ಬರೆಯುವಷ್ಟರಲ್ಲಿ ರೇಡಿಯೊದಲ್ಲಿ ಅಕ್ಕನ ದನಿ ಬಂತು: "ತಂಗಿ, ಮಳಿ ಸಣ್ಣಾಗೇತಿ. ಹೊರಗ ಬರ್ಲೇನ?" ಗುಡ್ಡಕ್ಕೆ ಹೋಗಿ ನೋಡುವವರೆಗೂ ಒಳಗೇ ಇರು ಅಂದೆ.

ಹಿಂದಿನವರೇ, ಬೆಳಕು ಹೆಚ್ಚಿದಷ್ಟೂ ಒಳ್ಳೆಯದೆಂಬ ಮೂಢನಂಬಿಕೆ ಬಿಡಿ. ಬೆಳಗಬಲ್ಲ ಗುಡ್ಡಗಳನ್ನೆಲ್ಲ ಬೆಳಗಬೇಡಿ. ಒಂದಾದರೂ ಕತ್ತಲ ಗುಡ್ಡವನ್ನು ನಮಗೆ ಉಳಿಸಿ.

ಕಿಟಕಿಯಾಚೆ ದೀಪಗಳು ಆರುತ್ತಿವೆ. ಮುದುಕಪ್ಪಜ್ಜನ ಮನೆಯದು ಎಲ್ಲಕ್ಕಿಂತ ಮೊದಲು ಆರಿತು. ಊರಲ್ಲಿ ಈಗ ಉಳಿದಿರುವುದು ನಾನು ಬರೆಯಲು ಹಚ್ಚಿಕೊಂಡ ಈ ದೀಪ ಒಂದೇ. ಇದನ್ನೂ ಆರಿಸುತ್ತೇನೆ.

ಕಸ್ತೂರೆವ್ವ