ಕೊಸರಿಗೆ ಜಾಗವಿಲ್ಲದ ವರ್ಕ್ ಆರ್ಡರ್

ಸಂತೇಬೆನ್ನೂರು
28 ನವೆಂಬರ್ 2025, ಶುಕ್ರವಾರ

ಮುದ್ದಿನ ಸೊಸೆ ಜ್ಯೋತಿಲಕ್ಷ್ಮಿಗೆ,

ಸಮಸ್ತ ಸಂತೇಬೆನ್ನೂರಿಗೂ ಜಗಳೂರಿನ ನಿನ್ನ ತವರಿನವರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನ ಮಾವನಾದ ನಾನು ನಮ್ಮ ರೊಟ್ಟಿ ಕೇಂದ್ರದ ಕಂಪ್ಯೂಟರಿನ ಅಧಿಕಾರ ವಹಿಸಿಕೊಂಡಿದ್ದೇನೆ. ಹಾರ ತುರಾಯಿ ಯಾರೂ ತರಲಿಲ್ಲ. ಇರಲಿ, ಮೊದಲು ನಿನ್ನ ಸಮಾಚಾರ. ಕಾಲಿನ ಬಾವು ಇಳಿಯಿತೆ? ಹೆರಿಗೆಗೆ ಇನ್ನೂ ತಿಂಗಳಿದೆ ಅಂತ ಬಿಸಿಲಲ್ಲಿ ಓಡಾಡಬೇಡ. ನಿನ್ನಮ್ಮ ಕೊಡುವ ಮೆಂತ್ಯದ ಕಷಾಯವನ್ನು ಹಿತ್ತಿಲಿಗೆ ಚೆಲ್ಲುತ್ತೀಯಂತೆ, ರವಿಕುಮಾರ್ ಹೇಳಿದ. ಗಂಡನಿಗೆ ಗುಟ್ಟು ಹೇಳಿದರೆ ಹೀಗೇ ಆಗುವುದು. ಭಾನುವಾರ ನಿನ್ನನ್ನು ನೋಡಲು ಬರುವ ಅವನ ಕೈಲೇ ಈ ಕಾಗದ ಕಳಿಸುತ್ತಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ನಾನು ಒಂದು ಮಾತಾಡಿದರೆ ನಿನ್ನ ಅತ್ತೆ ಪಕ್ಕದಲ್ಲಿ ನಿಂತು ನಾಲ್ಕು ತಿದ್ದುಪಡಿ ಸೇರಿಸುತ್ತಾಳೆ.

ಹೊನ್ನಾಳಿಯ ಮದುವೆ ಮನೆಯವರು ಸಾವಿರ ಖಡಕ್ ರೊಟ್ಟಿ ಹೇಳಿದ್ದಾರೆ, ಎರಡು ಕಂತಿನಲ್ಲಿ. ನೀನು ಹೋಗುವ ಮುಂಚೆ ಹಾಕಿಸಿಕೊಟ್ಟ ಹೊಸ ಸಾಫ್ಟ್‌ವೇರಿನಲ್ಲಿ ಮೊದಲ ಐನೂರಕ್ಕೆ ವರ್ಕ್ ಆರ್ಡರ್ ಹುಟ್ಟಿಸಿದೆ. ಜೋಳದ ಹಿಟ್ಟು ಸ್ಟಾಕಿನಿಂದ ತಾನೇ ಕಳೆಯಿತು. ನಾನು ಕುರ್ಚಿಯಲ್ಲಿ ಸ್ವಲ್ಪ ಉಬ್ಬಿದೆ. ಹೇಳಿದ ರೊಟ್ಟಿಗೂ ಆದ ರೊಟ್ಟಿಗೂ ತಾಳೆಯಾದರೆ ಆರ್ಡರ್ ಕ್ಲೋಸ್, ಚೀಟಿ ಪ್ರಿಂಟ್, ಮಾಲು ಬಸ್ಸಿಗೆ. ಆದರೆ ನಮ್ಮ ಒಲೆಗಳ ಒಡತಿ ಹುಲಿಗೆಮ್ಮ ಗೊತ್ತಲ್ಲ, ನೂರು ಎಣಿಸಿದ ಮೇಲೆ ಎರಡು ಕೊಸರು ಇಟ್ಟೇ ಕಟ್ಟುತ್ತಾಳೆ. ಐನೂರ ಹತ್ತು ಅಂತ ಒತ್ತಿದೆ. ಕಂಪ್ಯೂಟರು ಕೆಂಪಾಗಿ, ಹೇಳಿದ್ದಕ್ಕಿಂತ ಹೆಚ್ಚಾಗಿದೆ, ಕ್ಲೋಸ್ ಮಾಡಲಾರೆ ಎಂದಿತು. ಹತ್ತು ತೆಗೆದಿಡಮ್ಮ ಎಂದೆ. “ನೂರಕ್ಕೆ ನೂರೇ ಎಣಿಸಿ ಕೊಡಾಕೆ ನಾವೇನು ಬ್ಯಾಂಕಿನೋರೇನ್ರೀ ಯಜಮಾನ್ರೇ?” ಎಂದಳು.

ನಿನ್ನ ಮಾವನ ತಲೆ ಸಾಮಾನ್ಯದ್ದೇ? ‘ಕೊಸರು: ಹತ್ತು’ ಅಂತ ಇನ್ನೊಂದು ವರ್ಕ್ ಆರ್ಡರ್ ಮಾಡಿದೆ. ಹುಲಿಗೆಮ್ಮ ಹತ್ತರ ಮೇಲೆ ಒಂದು ಇಟ್ಟಳು. “ಇದೂ ಆರ್ಡರ್ ಅಂತೀರಿ, ಇದಕ್ಕೆ ಕೊಸರು ಬ್ಯಾಡೇನ್ರೀ?” ಆ ಒಂದಕ್ಕೆ ಮೂರನೇ ಆರ್ಡರ್ ಮಾಡಿದೆ. ಅದರ ಮೇಲೆ ಅರ್ಧ ಮುರಿದಿಟ್ಟಳು! ಹೀಗೇ ಹೋದರೆ ಆ ಮದುಮಕ್ಕಳ ಮಕ್ಕಳ ಮದುವೆಗೆ ರೊಟ್ಟಿ ತಲುಪುತ್ತದೆ ಅಂತ ಹೆದರಿ, ಆ ಎರಡು ಆರ್ಡರನ್ನೂ ರದ್ದು ಮಾಡಿ, ಕೊಸರಿನ ಹತ್ತನ್ನು ‘ಹಾಳು’ ಅನ್ನುವ ಖಾನೆಗೆ ತುಂಬಿದೆ. ಯಾರಿಂದ ಎಂದು ಕಂಪ್ಯೂಟರು ಕೇಳಿತು. ತಟ್ಟಿದವಳ ಹೆಸರು ಕೊಟ್ಟೆ. ಆರ್ಡರ್ ಕ್ಲೋಸ್ ಆಯಿತು, ರೊಟ್ಟಿ ಬಸ್ಸೂ ಹತ್ತಿತು.

ಅಷ್ಟರಲ್ಲಿ ಹಿಟ್ಟು ನಾದುವ ಗಾದ್ರಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ಇಡೀ ಕೇಂದ್ರಕ್ಕೆ ಕೇಳುವಂತೆ “ಹುಲಿಗೆಮ್ಮ, ಹಾಳು, ಹತ್ತು” ಎಂದು ಓದಿಬಿಟ್ಟಳು. ಹುಲಿಗೆಮ್ಮ ಕೈ ತೊಳೆದಳು. “ಸುಟ್ಟಿದ್ದು ಹಾಳು ಅನ್ರಿ, ಒಪ್ಕಂತೀನಿ. ಕೈಯೆತ್ತಿ ಕೊಟ್ಟಿದ್ದೂ ಹಾಳೇನ್ರೀ?” ಎಂದವಳೇ ಡಬ್ಬಿ ತಗೊಂಡು ಹೊರಟೇ ಹೋದಳು. ಅವಳ ಹಿಂದೆ ಉಳಿದವರೂ. ಗಾದ್ರಮ್ಮನೂ!

ಈಗ ಒಂದು ಒಲೆ ಬಿಟ್ಟು ಉಳಿದವೆಲ್ಲ ತಣ್ಣಗಿವೆ. ಬುಧವಾರ ಮದುವೆ, ಇನ್ನೂ ಐನೂರು ಬಾಕಿ. ನಿನ್ನ ಅತ್ತೆ ಹುಲಿಗೆಮ್ಮನ ಮನೆಗೆ ಹೋಗಿ ಬೇಡಿಕೊಂಡಳು. “ಅಲ್ಲಿಂದ ನನ್ನ ಹೆಸ್ರು ತಗೀಲಿ ಅಕ್ಕಾರೇ, ಅವತ್ತೇ ಬರ್ತೀನಿ” ಎಂದಳಂತೆ. ಅವಳ ಮಾತಿನಲ್ಲಿ ತಪ್ಪೇನಿದೆ ಹೇಳು. ನಿನ್ನ ಅತ್ತೆ ಒಬ್ಬಳೇ ತಟ್ಟಲು ಕೂತಿದ್ದಾಳೆ, ರೊಟ್ಟಿಯ ಮೇಲೆ ಬೀಳುವ ಒಂದೊಂದು ಏಟೂ ನನಗೇ ಅಂತ ಗೊತ್ತಾಗುತ್ತದೆ.

ನಿನ್ನ ಅಪ್ಪ ಅಮ್ಮನಿಗೆ ನಮಸ್ಕಾರ. ನಿನಗೂ ಒಳಗಿರುವ ಪುಟ್ಟ ಯಜಮಾನರಿಗೂ ನೂರು ಆಶೀರ್ವಾದ.

ನಿನ್ನ ಮಾವ,
ಜಯಪ್ಪ

ತಾ.ಕ.: ರವಿ ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಹೇಳುತ್ತೇನೆ. ಹುಲಿಗೆಮ್ಮನ ಹೆಸರು ಅಳಿಸಿ ನೋಡಿದೆ. ಖಾಲಿ ಬಿಟ್ಟರೆ ಕಂಪ್ಯೂಟರು ಒಪ್ಪುವುದಿಲ್ಲ, ಹಾಳು ಮಾಡಿದವರು ಯಾರಾದರೂ ಇರಲೇಬೇಕಂತೆ. ಅಲ್ಲಿ ‘ಜಯಪ್ಪ’ ಅಂತ ಹಾಕೋಣವೆಂದರೆ ಕೆಲಸದವರ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ. ನಿನ್ನ ಅತ್ತೆಯನ್ನು ಕೇಳಿದರೆ, ಕಂಪ್ಯೂಟರಿಗೆ ಎಲ್ಲ ಗೊತ್ತು ಅನ್ನುತ್ತಾಳೆ. ನನ್ನನ್ನು ಆ ಪಟ್ಟಿಗೆ ಸೇರಿಸಲು ಎಲ್ಲಿ ಒತ್ತಬೇಕು ಅಂತ ಒಂದು ಚೀಟಿಯಲ್ಲಿ ಬರೆದು ರವಿಯ ಕೈಲೇ ಕಳಿಸು ತಾಯೀ.