ಕಿವಿ ವಾಸಿಯಾದರೆ ಮಾತ್ರ ಮದುವೆಯೇ?

ಕಥಾ ವಿಭಾಗದ ಮುಖ್ಯಸ್ಥರೇ,

ನನ್ನ ನಾಯಕಿಯ ಕಿವಿಯನ್ನು ನನ್ನನ್ನೊಂದು ಮಾತೂ ಕೇಳದೆ ವಾಸಿ ಮಾಡಿದ್ದೀರಿ. ವೈದ್ಯಲೋಕದ ಪರವಾಗಿ ಅಭಿನಂದನೆಗಳು. ಅವಳನ್ನು ಬರೆದವಳ ಪರವಾಗಿ ಈ ಬಹಿರಂಗ ತಕರಾರು.

ಮೊಬೈಲಿನಲ್ಲಿ ಆಡುವ ಪ್ರೇಮಕಥೆಗಳನ್ನು ಬರೆಯುವುದು ನನ್ನ ಕಸುಬು. ನಾಯಕಿ ಏನು ಹೇಳಬೇಕೆಂದು ಆಡುವವರೇ ಆರಿಸುತ್ತಾರೆ. ಅದರಂತೆ ಕಥೆ ತಿರುಗುತ್ತದೆ. ಮಂಡಿನೋವಿನ ಹೆಂಗಸಾದ ನಾನು ಇಪ್ಪತ್ತರ ಹುಡುಗಿಯರ ಮೊದಲ ಮುತ್ತನ್ನು ಬರೆದು ಹೊಟ್ಟೆ ಹೊರೆಯುತ್ತೇನೆ. ನನ್ನ ಎಡಗಿವಿ ಹುಟ್ಟಿನಿಂದಲೇ ಮೌನವ್ರತದಲ್ಲಿದೆ. ಬಲಗಿವಿ ಸರ್ಕಾರಿ ಕಚೇರಿಯಂತೆ, ಮನಸ್ಸು ಬಂದಾಗ ಕೆಲಸ ಮಾಡುತ್ತದೆ. ಈ ಸಲ ನಾಯಕಿಯನ್ನೂ ಮಂದಗಿವಿಯ ದರ್ಜಿಯಾಗಿಸಿದೆ. ರೂಪ ಮಾತ್ರ ನನ್ನದು ಕೊಡಲಿಲ್ಲ. ಅಷ್ಟು ವ್ಯಾಪಾರಜ್ಞಾನ ನನಗೂ ಇದೆ.

ಬರಹಗಾರರ ಸಭೆಯಲ್ಲಿ ನೀವು ಬೋರ್ಡಿನ ಕಡೆ ತಿರುಗಿಕೊಂಡು ಏನೋ ಹೇಳಿದಿರಿ. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ, ಕೊಂಚ ಜೋರಾಗಿಯೇ. ಕೇಳಿಸದವರು ನಗುವುದರಲ್ಲಿ ಹಿಂದೆ ಬೀಳಬಾರದು, ಅದು ನಮ್ಮ ಕಟ್ಟಳೆ. ಹೊರಗೆ ಬಂದಮೇಲೆ ಚಿತ್ರ ಬರೆಯುವ ಹುಡುಗಿ ನನ್ನ ತೋಳು ಹಿಡಿದಳು.

“ಅಕ್ಕಾ, ನೀವ್ಯಾಕೆ ನಕ್ರಿ?”

“ಯಾಕೆ, ಏನಂದ್ರು?”

“ಕಿವುಡಿಗೆ ಪ್ರೀತಿ ಹೇಳ್ಕೊಳ್ಳೋಕೆ ನಾಯಕ ಮೈಕ್ ತರ್ಬೇಕಾ, ಅಂದ್ರು.”

ನೀವು ಪ್ರಶ್ನೆ ಕೇಳಿದ ಮೇಲೆ ಉತ್ತರ ಕೊಡುವುದು ನನ್ನ ಧರ್ಮ. ಹಿಂದೆ ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದೆ. ಅಲ್ಲಿ ಯಂತ್ರ ನಡೆಸುತ್ತಿದ್ದವರೊಬ್ಬರು ಒಂದು ಮಧ್ಯಾಹ್ನ, ಆ ಗಡಗಡ ಸದ್ದಿನ ನಡುವೆ, ನನ್ನ ಬೆನ್ನ ಹಿಂದೆ ನಿಂತು “ಮದುವೆ ಆಗ್ತೀರಾ?” ಎಂದರಂತೆ. ಊಟದ ವಿಚಾರವಿರಬೇಕೆಂದುಕೊಂಡು “ಆಗ್ಲೇ ಆಯ್ತು, ನಿಮ್ದು?” ಎನ್ನುತ್ತಾ ತಿರುಗಿದೆ. ಅವರ ಮುಖ ಬಿಳಿಚಿತ್ತು.

“ಯಾರ ಜೊತೆ?”

“ಯಾರೂ ಇಲ್ಲಪ್ಪ, ಒಬ್ಳೇ.”

ಅವರು ಯಂತ್ರ ನಿಲ್ಲಿಸಿದರು. ಎದುರಿಗೆ ಬಂದು, ತುಟಿ ಕಾಣುವಂತೆ ನಿಂತು, ಬಿಡಿಬಿಡಿಯಾಗಿ ಇನ್ನೊಮ್ಮೆ ಕೇಳಿದರು. ಮೈಕ್ ಬೇಕಾಗಲಿಲ್ಲ ಸ್ವಾಮಿ. ಈಗ ಅವರು ನನ್ನ ಗಂಡ.

ಇದನ್ನೇ ಕಥೆಗೆ ಇಳಿಸಿದ್ದೆ. ನೀವು ತೆಗೆಸಿದಿರಿ. ಈಗ ಆಡುವವರು ‘ಸರಿ’ ಉತ್ತರ ಆರಿಸಿದರೆ ಆಪರೇಷನ್, ಕಿವಿ ವಾಸಿ, ಮದುವೆ. ‘ತಪ್ಪು’ ಉತ್ತರ ಆರಿಸಿದರೆ ಆಕೆ ಕಿವುಡಿಯಾಗಿಯೇ ಉಳಿದು, ಕಿಟಕಿ ಪಕ್ಕ ಒಂಟಿಯಾಗಿ ಬಟ್ಟೆ ಹೊಲಿಯುತ್ತಾಳೆ. ಹಾಗಾದರೆ ಇಷ್ಟು ವರ್ಷ ಸಂಸಾರ ಮಾಡಿದ ನಾನು ಯಾರ ತಪ್ಪು ಉತ್ತರ? ಹೊಸ ಅಂತ್ಯ ಬರೆದ ಸಹೋದ್ಯೋಗಿಯನ್ನು ಕೇಳಿದೆ. “ಬೇಜಾರ್ ಮಾಡ್ಕೋಬೇಡಿ ಅಕ್ಕಾ, ಅವಳಿಗೆ ಒಳ್ಳೇದಾಗ್ಲಿ ಅಂತಾನೇ ಬರ್ದೆ” ಎಂದ. ನಿಜಕ್ಕೂ ಒಳ್ಳೆಯವನು. ಕಷ್ಟ ಇರುವುದೇ ಅಲ್ಲಿ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಆಟ ಬಿಡುಗಡೆಯಾದ ದಿನ ನನ್ನ ಗಂಡ ಸೋಫಾದಲ್ಲಿ ಕೂತು ಶ್ರದ್ಧೆಯಿಂದ ಆಡಿದರು. ಆಪರೇಷನ್ ಬೇಡವೆಂದು ಒತ್ತಿದರು. ನಾಯಕ ಸೂಟ್‌ಕೇಸ್ ಹಿಡಿದು ಹೊರಟುಹೋದ. ಅವರು ಕನ್ನಡಕ ತೆಗೆದು ನನ್ನತ್ತ ತಿರುಗಿದರು.

“ನಾನೆಲ್ಲಿ ಬಿಟ್ಟುಹೋದೆ?”

ನನಗೆ ಅದು ಒಂದೇ ಸಲಕ್ಕೆ ಕೇಳಿಸಿತು.

ಬೇಡಿಕೆ ಇಷ್ಟೇ. ಆಕೆಯ ಕಿವಿ ಇದ್ದ ಹಾಗೇ ಇರಲಿ, ಅವನೂ ಅವಳ ಜೊತೆಗಿರಲಿ. ಆ ದಾರಿಯನ್ನು ವಾಪಸ್ ಹಾಕಿ. ಆಗದಿದ್ದರೆ ಕಥೆಯಿಂದ ನನ್ನ ಹೆಸರು ತೆಗೆಯಿರಿ. ಉತ್ತರವನ್ನು ದಯವಿಟ್ಟು ಬರೆದೇ ಕಳಿಸಿ. ಫೋನ್ ಮಾಡಿದರೆ ನಾನು ಎಲ್ಲದಕ್ಕೂ “ಹೂಂ ಸರ್” ಎಂದುಬಿಡುತ್ತೇನೆ.

ಇಂತಿ,
ನಿಮ್ಮ ಕಚೇರಿ ಗೋಡೆಯ ‘ಎಲ್ಲರಿಗೂ ಜಾಗವಿದೆ’ ಪೋಸ್ಟರಿನಲ್ಲಿ, ಸಿಬ್ಬಂದಿ ಫೋಟೋದ ಎಡತುದಿಯಲ್ಲಿ ಅರ್ಧ ಕತ್ತರಿಸಿಹೋದ ಹೆಂಗಸು