ಸುನ್ನಾಳ ಜೌಗು

ಕೌಟೊಕೇನೊ
ಆಗಸ್ಟ್ ೧೧

ಪ್ರೀತಿಯ ತಂಗಿ ಸುನ್ನಾಳಿಗೆ ಅಕ್ಕನ ನೆನಪುಗಳು.

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಬೇಸಿಗೆಯೆಲ್ಲ ನಕಾಶೆಯ ಕೆಲಸದಲ್ಲೇ ಕಳೆಯಿತು. ಸೊಳ್ಳೆಗಳು ತಿಂದು ಉಳಿಸಿದ ಅಕ್ಕ ಈಗ ಬರೆಯುತ್ತಿದ್ದಾಳೆ. ಹ್ಯಾಮರ್‌ಫೆಸ್ಟ್‌ನಲ್ಲಿ ನೀನು, ನಿನ್ನ ಗಂಡ, ನಿಮ್ಮ ಮೀನಿನ ದೋಣಿ ಎಲ್ಲ ಕ್ಷೇಮ ತಾನೆ? ಅಪ್ಪ ಗಟ್ಟಿಯಾಗಿದ್ದಾರೆ. ದಿನಕ್ಕೆ ಹತ್ತು ಸಲ ನಿನ್ನ ಹೆಸರು ಹೇಳುತ್ತಾರೆ, ಅದನ್ನೂ ನಾನೇ ಕೇಳಿಸಿಕೊಳ್ಳಬೇಕು.

ಉಪಗ್ರಹದ ಚಿತ್ರ ನೋಡಿ, ನಮ್ಮ ಟಂಡ್ರಾದಲ್ಲಿ ಎಲ್ಲಿ ಕುರುಚಲು ಗಿಡ, ಎಲ್ಲಿ ಪಾಚಿ, ಎಲ್ಲಿ ಹಿಮಸಾರಂಗಗಳ ಚಳಿಗಾಲದ ಮೇವಾದ ಬಿಳಿ ಕಲ್ಲುಹೂವು ಎಂದು ಗುರುತು ಹಾಕುವುದು ನನ್ನ ಕೆಲಸ. ಈ ಸಲ ಹಿಂಡನ್ನು ಎಲ್ಲಿಗೆ ಹೊಡೆದುಕೊಂಡು ಹೋಗುವುದೆಂದು ನಮ್ಮವರೆಲ್ಲ ಈ ನಕಾಶೆ ನೋಡಿಯೇ ತೀರ್ಮಾನಿಸುವುದಿತ್ತು. ಅಪ್ಪ ಒಂದೇ ಒಂದು ಸಲ "ಚೆನ್ನಾಗಿ ಮಾಡಿದ್ದೀಯ" ಅನ್ನಲಿ, ಅಷ್ಟೇ ನನ್ನ ಆಸೆ. ನಿನಗೆ ಇದು ಅರ್ಥವಾಗಲಿಕ್ಕಿಲ್ಲ. ನಿನಗೆ ಅದು ಕೇಳದೆಯೇ ಸಿಗುತ್ತದೆ.

ಶನಿವಾರ ಎಲ್ಲರೂ ಅಪ್ಪನ ಅಡುಗೆಮನೆಯಲ್ಲಿ ಸೇರಿದ್ದರು. ಯೌನ್ನಾ ಮಾವ ಎಂದಿನಂತೆ ಕಾಫಿಗೆ ಚೀಸ್ ತುಂಡು ಹಾಕಿಕೊಳ್ಳುತ್ತಾ, "ಏನಮ್ಮಾ ರಾವ್ನಾ, ಮೇಲಿಂದ ನೋಡಿದ್ರೆ ನನ್ನ ಬೋಳುತಲೆ ಹೆಂಗೆ ಕಾಣುತ್ತೆ?" ಎಂದ.

"ಮೇವಿಲ್ಲದ ಬಂಡೆ ಅಂತ ಹಾಕಿದೀನಿ ಮಾವ."

ಎಲ್ಲರೂ ನಕ್ಕರು. ಆ ಧೈರ್ಯದಲ್ಲಿ ನಾನು ಕೆರೆಯ ಪಕ್ಕದ ಜಾಗದ ಮೇಲೆ ಬೆರಳಿಟ್ಟೆ. ಉಪಗ್ರಹದ ಚಿತ್ರದಲ್ಲಿ ಅದು ಬೆಳ್ಳಗಿತ್ತು; ನಾನೂ ಕಲ್ಲುಹೂವೆಂದೇ ಬರೆದಿದ್ದೆ. ಆಮೇಲೆ ಅನುಮಾನ ಬಂದು ಡ್ರೋನನ್ನು ತಗ್ಗಿನಲ್ಲಿ ಹಾರಿಸಿದಾಗ ಕಂಡದ್ದು ಹತ್ತಿಯಂತೆ ಬೆಳ್ಳಗೆ ಹೂಬಿಟ್ಟ ಹತ್ತಿಹುಲ್ಲು, ಬುಡದಲ್ಲೆಲ್ಲ ನೀರು. "ನೋಡದೆ ಹಿಂಡು ನುಗ್ಗಿಸಿದ್ರೆ ಕರುಗಳೆಲ್ಲ ಜೌಗಿನ ಪಾಲಾಗ್ತಿದ್ವು" ಎಂದು ಅಪ್ಪನ ಮುಖ ನೋಡಿದೆ.

ಅಪ್ಪನ ಮುಖ ಅರಳಿತು. "ನಮ್ಮ ಸುನ್ನಾನೂ ಹಿಂಗೇ ಮೋಸ ಹೋಗಿದ್ಲು ಕಣ್ರೋ. ಮೊಳದುದ್ದ ಇದ್ಲು. ಇನ್ನೊಂದು ಕಡೆ ಇಂಥದೇ ಬಿಳೀದು ನೋಡಿ, ಮೇವು ಸಿಕ್ತು ಅಪ್ಪಾ ಅಂತ ಕೂಗ್ತಾ ಓಡಿ, ಸೊಂಟದ ತನಕ ಹೂತುಹೋದ್ಲು. ನಮ್ಮ ನಾಯಿ ಮುಸ್ತೆ ಬೊಗಳ್ತು, ನಾನು ಓಡಿದೆ. ಮೇಲೆ ಎತ್ತಿದ್ರೆ ಹೇಳ್ತಾಳೆ, ಅಪ್ಪಾ, ನನ್ನ ಬೂಟು ಒಳಗೇ ಮೇಯ್ತಾ ಇದೆ ಅಂತ."

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಆ ಜಾಗಕ್ಕೆ ಹೆಸರು ಇಲ್ವಲ್ಲ, ಸುನ್ನಾಳ ಜೌಗು ಅಂತ ಬರಿ" ಎಂದರು. ಬರೆದೆ. ನನ್ನ ನಕಾಶೆಯ ಮೇಲೆ ನನ್ನ ಕೈಯಿಂದಲೇ ನಿನ್ನ ಹೆಸರು. ಹೊಟ್ಟೆ ಉರಿಯಿತು ಸುನ್ನಾ, ಸುಳ್ಳೇಕೆ ಹೇಳಲಿ. ನಕಾಶೆಯನ್ನು ಎಲ್ಲರೂ ಒಪ್ಪಿದರು. ಅಪ್ಪ ಒಲೆಗೆ ಸೌದೆ ತರಲು ಎದ್ದು ಹೋದರು.

ಕರುಗಳ ಕಿವಿಗೆ ಗುರುತು ಹಾಕುವ ಹೊತ್ತಿಗೆ ಬಾ, ಅಪ್ಪ ಕಾಯುತ್ತಿದ್ದಾರೆ. ಕಡಲು ನಿನ್ನ ಮನೆಯವರನ್ನು ದಿನವೂ ಸುಖವಾಗಿ ದಡಕ್ಕೆ ತರಲಿ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಇದ್ದರೂ ನೀನು ಬಂದ ಗಳಿಗೆಗೆ ಇಳಿದುಹೋಗುತ್ತದೆ.

ನಿನ್ನ ಅಕ್ಕ,
ರಾವ್ನಾ

ತಾ.ಕ.: ಅವತ್ತು ಅಪ್ಪ ಓಡಿ ಬರುವವರೆಗೂ ಜೌಗಿನ ಅಂಚಿನಲ್ಲಿ ಬೋರಲು ಮಲಗಿ, ನೀನು ಮುಳುಗದಂತೆ ನಿನ್ನ ನಡುಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದವಳು ನಾನು. ಅಪ್ಪನ ಕತೆಯಲ್ಲಿ ನಾಯಿಯ ಹೆಸರು ಕೂಡ ಬರುತ್ತದೆ. ನಾನು ಅಲ್ಲಿದ್ದದ್ದು ನಿನಗಾದರೂ ನೆನಪಿದೆಯೇ?